ಲೋಟದಲ್ಲಿ ಓರೆಯಾಗಿ

ಅರಳೆಯ ಒಂದು ಎಳೆ ಬಿಸಿಲುಕೋಲಿನಲ್ಲಿ ಇಳಿಯುತ್ತಿತ್ತು, ಇನ್ನೇನು ನೆಲ ಮುಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಮೇಲೆದ್ದಿತು, ಇದಕ್ಕಿರುವ ಹಗುರ ತನ್ನ ಎದೆಗೆ ಯಾಕಿಲ್ಲ ಅಂದುಕೊಂಡ ಹಾಸಿಗೆ ಹೊಲಿಯುವವನು, ಹತ್ತಿ ಹಿಂಜುವ ಯಂತ್ರ ಆಚೆ ಗೋಡೆಯ ಬಳಿ ತನ್ನ ಪಾಡಿಗೆ ಗುರುಗುಟ್ಟುತ್ತಲೇ ಇದೆ, ಕಿಟಕಿಗಳು ಮುಚ್ಚಿವೆ, ಬಾಗಿಲಿಗೂ ಅಗುಳಿ, ತೆರೆದರೆ ಅರಳೆ ಹಾರಿ ಪಕ್ಕದ ಇಸ್ತ್ರಿಯವನ ಬಟ್ಟೆಗೆ ಅಂಟುತ್ತದೆ, ಏನ್ರೀ, ನಮ್ಮ ಅಂಗಿಗೆಲ್ಲ ಗಡ್ಡ ಬರಿಸ್ತಿದ್ದೀರಲ್ಲ ಅಂತ ಜಗಳಕ್ಕೆ ಬರುತ್ತಾನೆ — ಬರಲಿ, ಈಗ ಬಂದರೆ ಒಳ್ಳೆಯದೇ — ಅವನ ಅಂಗಡಿಗೆ ಇವತ್ತು ರಜೆ. ಉಸಿರು ಗಂಟಲವರೆಗೆ ಬಂದು ವಾಪಸು ಹೋಗುತ್ತಿದೆ, ಪರವಾಗಿಲ್ಲ, ಉಬ್ಬಸದ ಪಂಪು ಜೇಬಿನಲ್ಲಿದೆ, ಒತ್ತಿದ, ಸುಸ್ ಅಂದಿತು, ನಾಲಿಗೆಯ ಮೇಲೆ ತಣ್ಣಗೆ, ಅಷ್ಟೇ, ಮೊದಲೆಲ್ಲ ಸಣ್ಣಗೆ ಒಂದು ಕಹಿ ಇರುತ್ತಿತ್ತಲ್ಲ, ಆ ಕಹಿ ಎಲ್ಲಿ ಹೋಯಿತು. ಆಸ್ಪತ್ರೆಯಲ್ಲಿ ನರ್ಸು ಕೇಳಿದ್ದಳು, ಯಜಮಾನ್ರೇ, ಇನ್ಹೇಲರ್ ಹಿಡಿಸಿದೆಯಾ, ಹಿಡಿಸ್ದೇ ಏನಮ್ಮ, ಹೆಂಡತಿಗಿಂತ ವಾಸಿ, ಕರೆದ ತಕ್ಷಣ ಬರುತ್ತೆ, ಎದುರು ಮಾತಾಡಲ್ಲ, ಪಕ್ಕದಲ್ಲಿದ್ದ ಹೆಂಡತಿ ತೋಳು ಚಿವುಟಿದಳು, ಹಾಗಾದ್ರೆ ನನ್ನೆದುರಿಗೇ ಒಂದ್ಸಲ ತಗೊಂಡು ತೋರಿಸಿ ಅಂದಳು ನರ್ಸು, ಇವನು ಒತ್ತಿ, ಬಾಯಿ ತೆರೆದು, ಆಮೇಲೆ ಎಳೆದ, ಅಯ್ಯೋ, ಮದ್ದೆಲ್ಲ ಗಾಳಿಗೇ ಹೋಯ್ತಲ್ಲ, ಅಲ್ಲಾಡಿಸಿ, ಉಸಿರು ಹೊರಗೆ ಬಿಟ್ಟು, ತುಟಿ ಬಿಗಿ ಹಿಡಿದು, ಒತ್ತುತ್ತಲೇ ನಿಧಾನವಾಗಿ ಎಳೀಬೇಕು — ತಲೆ ನರೆಯುವ ತನಕ ಸೂಜಿ ಹಿಡಿದವನಿಗೆ ಉಸಿರಾಡುವುದನ್ನು ಈಗ ಇವಳು ಕಲಿಸಬೇಕೆ, ತಲೆಯಾಡಿಸಿದ, ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡದ್ದು ಭಾವಮೈದುನನ ಮಾತನ್ನು, ಭಾವ, ಒಳಗಿನ ಡಬ್ಬಿ ತೆಗೆದು ನೀರಿಗೆ ಬಿಡಿ, ಮುಳುಗಿದ್ರೆ ತುಂಬಿದೆ, ತೇಲಿದ್ರೆ ಖಾಲಿ, ಅದಕ್ಕೇನು ದೊಡ್ಡ ವಿದ್ಯೆ, ಇವತ್ತು ಬೆಳಿಗ್ಗೆ ಹಾಗೇ ನೀರಿಗೆ ಬಿಟ್ಟ, ಗಾಜಿನ ಲೋಟದಲ್ಲಿ ಆ ಪುಟ್ಟ ಡಬ್ಬಿ ಮುಳುಗಲೂ ಇಲ್ಲ, ಮಲಗಿ ತೇಲಲೂ ಇಲ್ಲ, ಮೂತಿ ಕೆಳಗೆ ಮಾಡಿ ಓರೆಯಾಗಿ ನಿಂತಿತು, ಅರ್ಧ ಇದೆ ಕಣೇ ಅಂದ, ನೀರಿಗೆ ಹಾಕಿದ್ರೆ ಏನೂ ಗೊತ್ತಾಗಲ್ವಂತೆ ರೀ, ಮದ್ದು ಮುಗಿದ್ರೂ ಸುಸ್ ಅನ್ನೋದು ನಿಲ್ಲಲ್ವಂತೆ, ನರ್ಸಮ್ಮ ನನಗೆ ಹೇಳಿದ್ಲು, ಹೊಸದು ತಂದ್ಕೊಟ್ಟು ಹೋಗ್ಲಾ, ಬೇಡ, ತಂಗಿ ಮನೆಗೆ ಹೊರಟವಳು ಹೊರಡು, ಸದ್ದು ಬರ್ತಿದೆಯಲ್ಲ.

ಸದ್ದು ಬರುತ್ತಿದೆ. ಈಗ ನರ್ಸು ಹೇಳಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತಿದೆ, ಅಲ್ಲಾಡಿಸಿದ, ತುಟಿ ಬಿಗಿ ಹಿಡಿದ, ಒತ್ತುತ್ತಲೇ ಎಳೆದ, ಎಲ್ಲ ಸರಿಯಾಗಿ, ಅವಳು ನೋಡಿದ್ದರೆ ಶಭಾಷ್ ಅನ್ನುತ್ತಿದ್ದಳು, ತಣ್ಣಗೆ, ಸುಸ್, ಕಹಿ ಇಲ್ಲ, ಮತ್ತೆ, ಸುಸ್ — ಮೊದಲು ಯಂತ್ರ ನಿಲ್ಲಿಸಬೇಕು, ಅಲ್ಲ, ಮೊದಲು ಬಾಗಿಲು, ಅಗುಳಿ ಅಷ್ಟು ದೂರ ಯಾವಾಗ ಹೋಯಿತು, ನಡುವೆ ಅರಳೆಯ ರಾಶಿ, ಮಂಡಿ ಅದರಲ್ಲಿ ಹೂತುಹೋಗಿ ಮತ್ತಷ್ಟು ಎಳೆಗಳು ಎದ್ದವು, ಬಿಸಿಲುಕೋಲು ಬೆಳ್ಳಗೆ ದಪ್ಪವಾಯಿತು, ಕೂಗಬೇಕು, ಕೂಗುವುದಕ್ಕೂ ಉಸಿರು ಬೇಕಲ್ಲ, ಕರೆದ ತಕ್ಷಣ ಬರುತ್ತೆ, ಎದುರು ಮಾತಾಡಲ್ಲ, ಸುಸ್, ತಂಗಿ ಮನೆಯಲ್ಲಿ ಅವಳು ಈಗ ನಗುತ್ತಿರಬೇಕು, ಅಡುಗೆಮನೆಯ ಕಟ್ಟೆಯ ಮೇಲೆ ಲೋಟ ಹಾಗೇ ಇದೆ, ನೀರೂ ಚೆಲ್ಲಿಲ್ಲ, ಡಬ್ಬಿ ಜೇಬಿಗೆ ಬಂದಿದ್ದರೂ ಅದರಲ್ಲೇ ನಿಂತಿದೆ, ಮೂತಿ ಕೆಳಗೆ, ಓರೆಯಾಗಿ, ಮುಳುಗದೆ, ತೇಲದೆ — ಮೂತಿ ಕೆಳಗೆ, ಓರೆಯಾಗಿ —