ದನ, ಒಟ್ಟು ೩೧

"ಹತ್ತೆ ಮುದ್ಕಿ. ನಿನ್ನ ಕುಂಡೆಗೆ ಬೇರೆ ಗಾಡಿ ತರ್ಸ್ಬೇಕನೆ?"

ಮೇಸ್ತ್ರಿ ರಾಜೇಶ, ಗಾಡಿ ಓಡಿಸುವವನೂ ಅವನೇ, ದುರ್ಗಮ್ಮನ ಬೆನ್ನಿಗೆ ಕೈ ಕೊಟ್ಟು ಟೆಂಪೋದೊಳಗೆ ದೂಡಿದ. ಅವಳ ಮೊಣಕಾಲು ಹಿಂಬಾಗಿಲಿನ ಕಬ್ಬಿಣಕ್ಕೆ ಬಡಿಯಿತು. ನಾನೂ ಗಂಗೆಯೂ ರಟ್ಟೆ ಹಿಡಿದು ಅವಳನ್ನು ಮೇಲೆಳೆದುಕೊಂಡೆವು. ಅವಳೂ ಸೇರಿ ನಾವು ಮೂವತ್ತೊಂದು ಹೆಂಗಸರು. ಸಾಮಾನು ಸಾಗಿಸುವ ಟೆಂಪೋ; ಕೂರುವ ಮಾತೇ ಇಲ್ಲ.

ಹೊನ್ನಾವರದ ಹೊಳೆಯಾಚೆ ಕಾಸರಕೋಡಿನಲ್ಲಿ ಹತ್ತಿದರೆ ಭಟ್ಕಳದ ಹತ್ತಿರದ ಸಿಗಡಿ ಶೆಡ್ಡಿನಲ್ಲೇ ಇಳಿಯುವುದು. ಮೇಲಿಂದ ತಾಡಪತ್ರೆ ಎಳೆದು ಹಗ್ಗ ಬಿಗಿಯುತ್ತಾರೆ. ಹೊರಗಿನವರಿಗೆ ಐಸಿನ ಲೋಡಿನಂತೆ ಕಾಣಬೇಕು. ನಡುವೆ ಎಲ್ಲೂ ನಿಲ್ಲಿಸುವುದಿಲ್ಲವಾದ್ದರಿಂದ ಬೆಳಿಗ್ಗೆ ಎದ್ದ ಮೇಲೆ ನಾವ್ಯಾರೂ ನೀರು ಕುಡಿಯುವುದಿಲ್ಲ. ಶೆಡ್ಡಿನಲ್ಲಿ ಐಸು ನೀರಿನಲ್ಲಿ ಕೈ ಅದ್ದಿ, ಸಂಜೆಯ ತನಕ ನಿಂತೇ ಸಿಗಡಿ ಸುಲಿಯಬೇಕು. ಅಲ್ಲಿರುವುದು ಒಂದೇ ಪಾಯಿಖಾನೆ. ಅದರ ಬೀಗದ ಕೈ ರಾಜೇಶನ ಸೊಂಟದಲ್ಲಿ.

ಮೊನ್ನೆ ಮಂಕಿ ದಾಟುವಾಗ ದುರ್ಗಮ್ಮನಿಗೆ ಎಚ್ಚರ ತಪ್ಪಿತ್ತು. ಬೀಳಲಿಲ್ಲ, ಬೀಳಲು ಜಾಗವಿರಲಿಲ್ಲ. ಶೆಡ್ಡು ಬರುವ ತನಕ ನಮ್ಮ ನಡುವೆ ಎಚ್ಚರ ತಪ್ಪಿಯೇ ನಿಂತಿದ್ದಳು. ಎಚ್ಚರವಾದ ಮೇಲೆ ತನ್ನ ಬಾತ ಕಾಲು ನೋಡಿಕೊಂಡು ನನಗೆ ಹೇಳಿದಳು, "ಒಂದಿನ ಕೂತ್ಕಂಡು ಹೋಗೂಕಾದ್ರೆ ಸಾಕಿತ್ತು ಮಗಾ."

ಶೆಡ್ಡಿನ ಧಣಿ ಶಾಂತಾರಾಮ ಸಾವ್ಕಾರರ ಹತ್ತಿರ ಹೋಗಿ ಗಾಡಿಗೆ ಎರಡು ಟ್ರಿಪ್ ಮಾಡಿಸಿ ಎಂದು ಕೇಳಿದೆವು. ಕೂರುವ ಆಸೆ ಇದ್ದವರು ಮನೆಯಲ್ಲೇ ಕೂರಬಹುದು ಎಂದು ನಕ್ಕರು. ಅವರು ನಕ್ಕಿದ್ದಕ್ಕೆ ರಾಜೇಶನೂ ನಕ್ಕ. ಸಿನಿಮಾದಲ್ಲಾದರೆ ಇಂಥ ಹೊತ್ತಿಗೆ ಹಿಂದಿನಿಂದ ಡೋಲು ಮೊಳಗುತ್ತದೆ, ಹೀರೋ ತಿರುಗಿ ನೋಡುತ್ತಾನೆ. ನಾವು ತಿರುಗಿ ಹೋಗಿ ಸಿಗಡಿ ಸುಲಿದೆವು.

ನಿನ್ನೆ ಹೆದ್ದಾರಿಯ ಚೆಕ್‌ಪೋಸ್ಟಿನಲ್ಲಿ ನಮ್ಮ ಮುಂದಿನ ಗಾಡಿಯನ್ನು ತಡೆದಿದ್ದರು. ತಾಡಪತ್ರೆಯ ಹರಕಿನಲ್ಲಿ ನೋಡಿದೆ. ಇಷ್ಟೇ ದೊಡ್ಡ ಟೆಂಪೋದಲ್ಲಿ ಐದು ಎಮ್ಮೆ. ದನದ ಡಾಕ್ಟರು ಟೇಪು ಹಿಡಿದು ಅಳೆದು ಡ್ರೈವರನಿಗೆ ಬೈಯುತ್ತಿದ್ದರು: ಇಷ್ಟು ಜಾಗಕ್ಕೆ ಎರಡೇ, ನೀರೆಲ್ಲಿ, ಹುಲ್ಲೆಲ್ಲಿ, ಔಷಧಿ ಪೆಟ್ಟಿಗೆ ಎಲ್ಲಿ, ಕಾನೂನು ಗೊತ್ತಿಲ್ಲವೇ. ಹಲಗೆ ಇಟ್ಟು ಎಮ್ಮೆಗಳನ್ನು ಮೆಲ್ಲಗೆ ಇಳಿಸಿದರು. ಬಕೆಟಿನಲ್ಲಿ ನೀರು ಕೊಟ್ಟರು. ನಮ್ಮ ಗಾಡಿಗೆ ಮುಂದೆ ಹೋಗು ಎಂದು ಕೈ ಬೀಸಿದರು.

ಪ್ರತಿ ಟ್ರಿಪ್ಪಿಗೂ ಶೆಡ್ಡಿನ ಗೇಟಿಗೆ ಒಂದು ಚೀಟಿ ಕೊಡಬೇಕು. ಗಾಡಿ ನಂಬರು, ತಾರೀಕು, ಕೆಳಗೆ ಇಷ್ಟು ಜನ ಎಂದು. ರಾಜೇಶನ ಅಕ್ಷರ ಅವನಿಗೇ ಓದಲು ಬರುವುದಿಲ್ಲ. ಪಿಯುಸಿ ಪಾಸಾದವಳು ಎಂದು ನನ್ನಿಂದ ಬರೆಸಿ ತಾನು ಸಹಿ ಹಾಕುತ್ತಾನೆ. ಇವತ್ತು ಹಿಂಬಾಗಿಲು ಮುಚ್ಚುವ ಮೊದಲು ಚೀಟಿ ಕೊಟ್ಟ. ಬರೆದೆ. ಜನ ೩೧ ಎಂದು ಬರೆಯುವಲ್ಲಿ ದನ ೩೧ ಎಂದು ಬರೆದೆ. ಒಂದೇ ಅಕ್ಷರ. ಅವನು ಫೋನು ಕಿವಿಗಿಟ್ಟುಕೊಂಡೇ ಸಹಿ ಎಳೆದ.

ಗಂಗೆಯ ಕಿವಿಯಲ್ಲಿ ಹೇಳಿದೆ. ಪೆಟ್ಟು ಬೀಳುತ್ತದೆ ಎಂದು ಅವಳು ಹೆದರಿದಳು. "ಇಂಟರ್ವಲ್ ತಂಕ ಹೀರೋಗೂ ಪೆಟ್ಟೇ ಅಲ್ದನೆ," ಎಂದೆ. ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ.

ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತಿತು. ರಾಜೇಶ ಐಸು ಎಂದ. ಅಕ್ಷಯ ಎಂಬ ಪೊಲೀಸ ಕಾಗದ ಕೇಳಿದ. ಹರಕಿನಲ್ಲಿ ನೋಡಿದೆ: ಲೈಸೆನ್ಸಿನ ಜೊತೆ ಚೀಟಿಯೂ ಹೋಯಿತು. ಆಮೇಲೆ ಓಡುವ ಬೂಟುಗಳು, ಬಕೆಟಿನ ಸದ್ದು, ಯಾರೋ ಡಾಕ್ಟರನ್ನು ಕೂಗಿದ್ದು. ಹಗ್ಗ ಬಿಚ್ಚಿದರು, ತಾಡಪತ್ರೆ ಎತ್ತಿದರು, ಬಿಸಿಲು ಮುಖಕ್ಕೆ ಹೊಡೆಯಿತು. ಹಿಂಬಾಗಿಲು ಇಳಿಸಿ ಹಲಗೆಯನ್ನೂ ಇಟ್ಟಾಗಿತ್ತು. ಅಕ್ಷಯ ಹುಲ್ಲಿನ ಕಟ್ಟು ಹಿಡಿದು ನಿಂತಿದ್ದ. ಅವನು ನಮ್ಮನ್ನು ನೋಡಿದ. ನಾವು ಹುಲ್ಲನ್ನು ನೋಡಿದೆವು.

"ಯಾರಾ ಇದನ್ನ ಬರ್ದದ್ದು?" ಎಸ್ಸೈ ಚೀಟಿ ಎತ್ತಿ ಕೇಳಿದರು.

ರಾಜೇಶ ನನ್ನ ಕಡೆ ಬೆರಳು ಮಾಡಿದ. "ಆ ಸುಷ್ಮಾ, ಸರ್. ರಂಡೆ, ಬೇಕಂತ್ಲೇ ಮಾಡ್ದದ್ದು."

"ಜ ಯಾವ್ದು ದ ಯಾವ್ದು ಗೊತ್ತಿಲ್ವನೆ ನಿಂಗೆ?"

"ಗೊತ್ತದೆ ಸರ್. ಗಾಡಿ ನೋಡಿ ಬರ್ದೆ."

ಡಾಕ್ಟರು ಅಭ್ಯಾಸಬಲದಿಂದ ಟೇಪು ಎಳೆದಿದ್ದರು. ಈ ಗಾಡಿಗೂ ಎರಡೇ ಎಂದು ಮೆಲ್ಲಗೆ ಹೇಳಿದರು. ಇದು ನಿಮ್ಮ ಕೇಸಲ್ಲ ಡಾಕ್ಟ್ರೇ ಎಂದು ಎಸ್ಸೈ ಅಂದಾಗ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡರು. ಸಾಮಾನಿನ ಗಾಡಿಯಲ್ಲಿ ಜನ ತುಂಬಿದರೂ ಕೇಸಾಗುತ್ತದೆ ಎಂದು ಎಸ್ಸೈ ರಾಜೇಶನಿಗೆ ಹೇಳುತ್ತಿದ್ದರು. ಅಷ್ಟರಲ್ಲಿ ರಾಜೇಶ ತನ್ನ ಫೋನನ್ನು ಅವರ ಕೈಗೆ ಕೊಟ್ಟ. ಆಚೆಯಿಂದ ಸಾವ್ಕಾರರು. ಎಸ್ಸೈ ಮೂರು ಸಲ ಆತು ಎಂದರು. ಫೋನು ತಿರುಗಿ ಕೊಟ್ಟು, ಶೆಡ್ಡಿನಲ್ಲಿ ಮಾಲು ಹಾಳಾಗುತ್ತದಂತೆ, ಎಲ್ಲ ಒಳಗೇ ಇರಿ, ಹೊರಡಿ ಎಂದರು. ಚೀಟಿ ಹರಿದು ಹುಲ್ಲಿನ ಮೇಲೆ ಹಾಕಿದರು.

ದುರ್ಗಮ್ಮ ಆಗಲೇ ಇಳಿಯುತ್ತಿದ್ದಳು. ದನಕ್ಕೆ ಇಟ್ಟ ಹಲಗೆಯ ಮೇಲೆ ಒಂದೊಂದೇ ಹೆಜ್ಜೆ. ಬಕೆಟಿನ ಹತ್ತಿರ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದಳು. ಮತ್ತೆ ಎತ್ತಿದಳು. ರಾಜೇಶ ಬಕೆಟಿಗೆ ಒದ್ದ.

"ಥೂ, ದನದ ನೀರೇ ಅದು."

ದುರ್ಗಮ್ಮ ಬಾಯಿ ಒರೆಸಿಕೊಂಡಳು. "ದನ ಅಂತ ಸಯ್ ಹಾಕ್ದವ ನೀನೇ ಅಲ್ದನಾ ಬೋಳಿಮಗನೆ."

ಸಿಟ್ಟಿನಲ್ಲಿ ಹೇಳಲಿಲ್ಲ. ಅಷ್ಟು ಸಿಟ್ಟಿಗೆ ಬೇಕಾದ ಉಸಿರು ಅವಳಲ್ಲಿರಲಿಲ್ಲ. ಟೆಂಪೋದ ಮುಂದಕ್ಕೆ ಹೋಗಿ, ಮೊಣಕಾಲಿಗೆ ಎರಡೂ ಕೈ ಕೊಟ್ಟು, ಹೆದ್ದಾರಿಯ ಡಾಂಬರಿನ ಮೇಲೆ ಕೂತಳು. ರಾಜೇಶ ಹತ್ತಿ ಹಾರ್ನ್ ಒತ್ತಿ ಹಿಡಿದ. ಗಂಗೆ ಇಳಿದು ಹೋಗಿ ಅವಳ ಪಕ್ಕ ಕೂತಳು. ನಾನೂ ಕೂತೆ. ಡಾಂಬರು ಸುಡುತ್ತಿತ್ತು. ಹಲಗೆಯ ಮೇಲೆ ಇನ್ನೂ ಕಾಲುಗಳು ಇಳಿಯುತ್ತಿದ್ದವು. ಎಷ್ಟು ಎಂದು ನಾನು ತಿರುಗಿ ನೋಡಲಿಲ್ಲ.

ಹಿಂದೆ ಬಸ್ಸು, ಲಾರಿ, ಮೀನಿನ ಗಾಡಿ ಸಾಲುಗಟ್ಟಿದವು. ಎಸ್ಸೈ ಕೂಗಿದರು. ಅಕ್ಷಯ ಹುಲ್ಲು ಬಿಸಾಡಿ ಲಾಠಿ ಹಿಡಿದು ಬಂದ. ದುರ್ಗಮ್ಮ ಬಾತ ಕಾಲೆರಡನ್ನೂ ಉದ್ದಕ್ಕೆ ಚಾಚಿದಳು. ಲಾಠಿಯ ನೆರಳು ಆ ಕಾಲುಗಳ ಮೇಲೆ ಬಿದ್ದು ಅಲ್ಲೇ ನಿಂತಿತ್ತು.