ಹದಿನೈದನೇ ತಾರೀಖಿನ ಚೀಟಿ

ಆ ಹೊಲಿಗೆ ಅಂಗಡಿಯಲ್ಲಿ ಅಕ್ಕನದು ಕತ್ತರಿ, ತಂಗಿಯದು ಸೂಜಿ. ಇಪ್ಪತ್ತೆರಡು ವರ್ಷದಿಂದ ಹಾಗೇ ನಡೆದಿತ್ತು. ಗಿರಾಕಿ ಬಂದರೆ ಅಳತೆ ತೆಗೆಯುವವಳು ತಂಗಿ. ಅಂಗೈಯಗಲದ ಚೀಟಿಯಲ್ಲಿ ಹೆಸರು, ಅಳತೆ, ಕೊಡುವ ದಿನ ಬರೆದು ಬಟ್ಟೆಗೆ ಗುಂಡುಸೂಜಿಯಿಂದ ಚುಚ್ಚುವವಳೂ ಅವಳೇ. ಆ ಚೀಟಿಯೇ ಅಂಗಡಿಯ ಮರ್ಯಾದೆ. ಹೇಳಿದ ದಿನ ಬಟ್ಟೆ ಸಿಗಲಿಲ್ಲವೆಂದು ಯಾವ ಗಿರಾಕಿಯೂ ಅಲ್ಲಿ ಗದ್ದಲ ಮಾಡಿದ್ದಿಲ್ಲ. ಚೀಟಿಯಿಲ್ಲದೆ ಬಿದ್ದಿದ್ದ ಗಂಟು ಇಡೀ ಅಂಗಡಿಯಲ್ಲಿ ಒಂದೇ ಒಂದು: ನಾಲ್ಕು ವರ್ಷದ ಹಿಂದೆ ಅಕ್ಕ ತನಗೆಂದು ಕತ್ತರಿಸಿಟ್ಟ ನೀಲಿ ಉಣ್ಣೆಯ ಕೋಟು. ಮೊದಲು ಗಿರಾಕಿಗಳದ್ದು ಮುಗಿಯಲಿ ಎನ್ನುತ್ತ ಎನ್ನುತ್ತ ಅದು ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿತ್ತು.

ಅಕ್ಕ ಕೆಟ್ಟವಳಲ್ಲ. ಬೈಬಲನ್ನು ಅರೆದು ಕುಡಿದವಳು. ಭಾನುವಾರದ ಪ್ರಸಂಗದಲ್ಲಿ ಪಾಸ್ಟರ್ ಅಧ್ಯಾಯದ ಸಂಖ್ಯೆ ತಪ್ಪಿ ಹೇಳಿದರೆ ಮೂರನೇ ಸಾಲಿನಿಂದ ಒಂದು ಕೆಮ್ಮು ಕೇಳಿಸುತ್ತಿತ್ತು. ಆ ಕೆಮ್ಮಿನ ಅರ್ಥ ಪಾಸ್ಟರಿಗೂ ಗೊತ್ತು, ಸಭೆಗೂ ಗೊತ್ತು. ಪಾಪ, ಅವರು ಕನ್ನಡಕ ಒರೆಸಿಕೊಂಡು ತಿದ್ದಿ ಓದುತ್ತಿದ್ದರು. ತಿದ್ದುವುದು ಅಕ್ಕನಿಗೆ ಕೈಗಂಟಿದ ಕೆಲಸ. ಯಾವ ಮಾತನ್ನು ಯಾವಾಗ ನುಂಗಿಕೊಳ್ಳಬೇಕೆಂಬ ವಿದ್ಯೆ ಮಾತ್ರ ಅವಳಿಗೆ ಒಲಿದಿರಲಿಲ್ಲ.

ಒಂದೇ ವಾರದಲ್ಲಿ ತಂಗಿ ಮೂರು ಗಿರಾಕಿಗಳನ್ನು ವಾಪಸು ಕಳಿಸಿದಾಗ ಅಕ್ಕನಿಗೆ ಅನುಮಾನ ಬಂತು. ಗಂಟುಗಳ ಚೀಟಿಗಳನ್ನೆಲ್ಲ ತಿರುವಿ ನೋಡಿದಳು. ಹದಿನಾಲ್ಕನೇ ತಾರೀಖಿನ ಆಚೆಗೆ ಒಂದೂ ಇಲ್ಲ.

"ಹದಿನಾಲ್ಕು ಆದಮೇಲೆ ಎಲ್ಲಿಗಾದ್ರೂ ಹೊರಟಿದೀಯೇನೇ?"

ತಂಗಿ ಗುಂಡಿ ಹೊಲಿಯುವ ಕೈ ನಿಲ್ಲಿಸಲಿಲ್ಲ. "ಹದಿನಾಲ್ಕಕ್ಕೆ ಎಲ್ಲಾ ಮುಗಿಯುತ್ತೆ ಅಕ್ಕ. ಸ್ವಾಮಿ ಪರಲೋಕದಿಂದ ಇಳಿದು ಬರ್ತಾನೆ. ಅದರಾಚೆ ತಾರೀಖು ಹಾಕಿದರೆ ಗಿರಾಕಿಗೆ ಸುಳ್ಳು ಬರೆದುಕೊಟ್ಟ ಹಾಗಾಗುತ್ತೆ."

ಚಪ್ಪಲಿ ಅಂಗಡಿಯ ಮೇಲಿನ ಕೋಣೆಗೆ ಹೊಸ ಬೋಧಕನೊಬ್ಬ ಬಂದಿದ್ದ. ಗುರುವಾರದ ಸಂಜೆಗಳಲ್ಲಿ ಕಪ್ಪು ಹಲಗೆಯ ಮೇಲೆ ಬೈಬಲಿನ ಅರಸರ ಆಳ್ವಿಕೆಯ ವರ್ಷಗಳನ್ನು ಕೂಡಿ, ಕಳೆದು, ಲೋಕದ ಕೊನೆಯ ದಿನವನ್ನು ಲೆಕ್ಕ ಹಾಕಿ ತೋರಿಸುತ್ತಿದ್ದ. ತಂಗಿ ಎರಡು ತಿಂಗಳಿಂದ ಅಲ್ಲಿಗೆ ಹೋಗುತ್ತಿದ್ದಳು. ದಾರ ತರಲು ಹೋಗುತ್ತಾಳೆಂದು ಅಕ್ಕ ತಿಳಿದಿದ್ದಳು.

"ಆ ದಿನ ದೇವದೂತರಿಗೂ ಗೊತ್ತಿಲ್ಲ ಅಂತ ಸ್ವಾಮೀನೇ ಹೇಳಿದಾನಲ್ಲೇ. ನಿನ್ನ ಬೋಧಕನಿಗೆ ಮಾತ್ರ ಗೊತ್ತಾಗಿಬಿಡ್ತಾ?"

"ನೀನು ಹೇಳೋದೇ ಸರಿ ಇರಬಹುದು." ತಂಗಿ ಹಲ್ಲಿನಿಂದ ದಾರ ಕಡಿದಳು. "ಆದ್ರೆ ಅಲ್ಲಿ ಕೂತಾಗ, ಇನ್ನು ಸ್ವಲ್ಪ ದಿನ ಅಷ್ಟೇ, ಅಮ್ಮ ಸಿಗ್ತಾಳೆ ಅನ್ಸುತ್ತೆ."

ಅಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ಹಾಸಿಗೆ ಹಿಡಿದ ಅಮ್ಮನ ಮೈ ಒರೆಸಿ, ಗಂಜಿ ಕುಡಿಸಿ, ಕೊನೆಯ ಉಸಿರಿನವರೆಗೂ ಪಕ್ಕದಲ್ಲಿ ಕೂತವಳು ತಂಗಿ. ಅಂಗಡಿ ನೋಡಿಕೊಂಡವಳು ಅಕ್ಕ. ತಂಗಿ ಹಾಗೆಂದ ಹೊತ್ತಿಗೆ ಅಕ್ಕ ಸುಮ್ಮನೆ ಅವಳ ಕೈ ಹಿಡಿದಿದ್ದರೆ ಸಾಕಿತ್ತು, ಮುಂದಿನದೇನೂ ನಡೆಯುತ್ತಿರಲಿಲ್ಲ. ಅವಳು ಬೈಬಲ್ ತೆರೆದಳು. ಒಂದಲ್ಲ, ಏಳು ಕಡೆ ಓದಿ ತೋರಿಸಿದಳು. ಏಳೂ ಸರಿಯಾಗಿಯೇ ಇದ್ದವು. ತಂಗಿ ಎಲ್ಲವನ್ನೂ ಕೇಳಿಸಿಕೊಂಡು ಮತ್ತೆ ಗುಂಡಿ ಹಿಡಿದಳು.

ಮರುದಿನ ಅಕ್ಕ ಪಾಸ್ಟರ ಹತ್ತಿರ ಹೋದಳು. ಅವರಿಗೆ ವರ್ಷವಿಡೀ ನೆಗಡಿ. ಮೂಗೊರೆಸಿಕೊಳ್ಳುತ್ತಲೇ ಎಲ್ಲವನ್ನೂ ಕೇಳಿದರು.

"ಬೋಧನೆ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಈ ಭಾನುವಾರ ಅದನ್ನೇ ವಿವರಿಸ್ತೀನಿ, ಯಾರ ಹೆಸರೂ ಎತ್ತೋದಿಲ್ಲ. ಆದ್ರೆ ನೋಡಮ್ಮ, ಹದಿನಾಲ್ಕು ಹೇಗೂ ಕಳೆಯುತ್ತೆ. ಹದಿನೈದಕ್ಕೆ ನಿನ್ನ ತಂಗಿ ಎಲ್ಲಿಗೆ ಬರಬೇಕು ಹೇಳು? ನಿನ್ನ ಹತ್ತಿರ ತಾನೇ. ಆ ಬಾಗಿಲು ಮಾತ್ರ ಹಾಕಬೇಡ."

ಅಕ್ಕ ಹೂಂ ಎಂದಳು. ಮನಸ್ಸಿನಲ್ಲಿ ಮಾತ್ರ, ಇವರದು ಯಾವಾಗಲೂ ಬೆಣ್ಣೆಯಂಥ ಮಾತು ಎಂದುಕೊಂಡಳು.

ಭಾನುವಾರ ಪಾಸ್ಟರ್ ಹೇಳಿದಂತೆಯೇ ಮಾಡಿದರು. ಆರಾಧನೆ ಮುಗಿದು ಎಲ್ಲರೂ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಯಾರೋ ಒಬ್ಬರು ತಂಗಿಯನ್ನು, ನಮ್ಮ ಮಗಳ ಫ್ರಾಕು ತಿಂಗಳ ಕೊನೆಗೆ ಆಗುತ್ತಾ ಎಂದು ಕೇಳಿದರು. ತಂಗಿ ಕಪ್ಪಿನೊಳಗೆ ನೋಡುತ್ತ ತಡವರಿಸಿದಳು. ಅಷ್ಟು ಸಾಕಾಯಿತು. ಅಕ್ಕ ಕೈಚೀಲದಿಂದ ಅಂಗಡಿಯ ಚೀಟಿಯೊಂದನ್ನು ತೆಗೆದು, ಅಲ್ಲೇ ಬರೆದು, ದೊಡ್ಡ ದನಿಯಲ್ಲಿ ಓದಿದಳು: "ಹೆಸರು, ತಂಗಿ. ಕೊಡುವ ದಿನ, ಹದಿನೈದು. ಬೆಳಿಗ್ಗೆ ಹತ್ತು ಗಂಟೆ. ಷರಾ, ಲೋಕ ಇದ್ದರೆ."

ಓದಿದವಳು ಅಷ್ಟಕ್ಕೇ ಬಿಡದೆ, ಬಟ್ಟೆಯ ಗಂಟಿಗೆ ಚುಚ್ಚುವಂತೆ, ಆ ಚೀಟಿಯನ್ನು ತಂಗಿಯ ರವಿಕೆಯ ತೋಳಿಗೆ ಗುಂಡುಸೂಜಿಯಿಂದ ಚುಚ್ಚಿದಳು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಫ್ರಾಕಿನವರಂತೂ ಚಹಾ ಚೆಲ್ಲಿಕೊಂಡರು. ಪಾಸ್ಟರ್ ಒಬ್ಬರೇ ನಗಲಿಲ್ಲ. ತಂಗಿ ಚೀಟಿಯನ್ನು ಕೀಳಲಿಲ್ಲ. ಕಪ್ಪನ್ನು ತೊಳೆದು, ಒರೆಸಿ, ಸಾಲಿನಲ್ಲಿ ಬೋರಲಿಟ್ಟು, ತೋಳಿನ ಚೀಟಿಯ ಸಮೇತ ಬೀದಿಗಿಳಿದು ಹೋದಳು.

ಅವತ್ತಿನಿಂದ ಅವಳು ಮನೆ ಬಿಟ್ಟು, ಗುರುವಾರದ ಕೂಟದ ಗೆಳತಿ ನರ್ಸೊಬ್ಬಳ ಕೋಣೆಯಲ್ಲಿ ಉಳಿದಳು. ಅಂಗಡಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು. ತೋಳು, ಅಂಚು, ಕಾಲರು, ಇಷ್ಟೇ ಮಾತು. ಅಕ್ಕ ಮನೆಗೆ ಹೋದಮೇಲೂ ತಂಗಿ ಅಂಗಡಿಯಲ್ಲೇ ಕೂತು ಹೊಲಿಯುತ್ತಿದ್ದಳು. ಅಕ್ಕನಿಗೆ ಒಳಗೊಳಗೇ ಕಸಿವಿಸಿಯಾಗುತ್ತಿತ್ತು. ತಮಾಷೆಗೆ ಮಾಡಿದ್ದು ಎಂದು ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ, ತಪ್ಪು ಅವಳದು, ನಾನೇಕೆ ಬಗ್ಗಲಿ ಎಂದು ಬಾಯಿ ಮುಚ್ಚಿಕೊಂಡಳು. ಹದಿನೈದಕ್ಕೆ ತಾನಾಗಿ ಬರುತ್ತಾಳೆ, ಆಗ ದೊಡ್ಡ ಮನಸ್ಸು ಮಾಡಿ ಕ್ಷಮಿಸೋಣ ಎಂದು ತೀರ್ಮಾನಿಸಿದಳು. ಆಡಬೇಕಾದ ಮಾತನ್ನೂ ಸಿದ್ಧಮಾಡಿಟ್ಟುಕೊಂಡಳು. ಕ್ಷಮೆ ಕೇಳಬೇಕಾದವಳು ತಾನೂ ಹೌದು ಎಂಬುದು ಅವಳ ತಲೆಗೆ ಹೊಳೆಯಲಿಲ್ಲ.

ಹದಿನಾಲ್ಕರಂದು ತಂಗಿ ಬರಲಿಲ್ಲ. ಸ್ವಾಮಿಯೂ ಬರಲಿಲ್ಲ. ಹಾಲಿನವನು ಬಂದ, ಪೇಪರಿನವನು ಬಂದ, ಸಂಜೆ ದೀಪಗಳು ಹತ್ತಿದವು.

ಹದಿನೈದರ ಬೆಳಿಗ್ಗೆ ಅಕ್ಕ ಬೇಗ ಬಾಗಿಲು ತೆರೆದು, ತಂಗಿಯ ಸ್ಟೂಲನ್ನು ಒರೆಸಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಹತ್ತು ಗಂಟೆಗೆ ಬಂದವಳು ನರ್ಸು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು. ಬೋಧಕ ಹಿಂದಿನ ದಿನವೇ ಕೋಣೆ ಖಾಲಿ ಮಾಡಿದ್ದನಂತೆ. ಅವಳು ಅಂಗಡಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

"ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋದಳು ಅಕ್ಕ. ಎಲ್ಲಿಗೆ ಅಂತ ಹೇಳಬೇಡ ಅಂದಿದಾಳೆ."

"ಯಾಕೆ? ನಾನು ಏನಾದ್ರೂ ಅಂತಿದ್ನಾ?"

ನರ್ಸು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾವೆಲ್ಲ ಮೋಸ ಹೋದ್ವಿ. ಅದನ್ನ ಒಪ್ಕೊಂಡು ನಾನು ನಮ್ಮಮ್ಮನ ಮನೆಗೆ ಹೋಗ್ತಿದೀನಿ. ಅವಳಿಗೆ ಇಲ್ಲಿಗೆ ಬರೋಕೆ ಮುಖ ಇಲ್ಲವಂತೆ. ಆ ನಗು ಇನ್ನೂ ಕಿವೀಲಿದೆ ಅಂದಳು."

ಅವಳು ಹೋದಮೇಲೆ ಅಕ್ಕ ಸಿದ್ಧವಾದ ಬಟ್ಟೆಗಳ ಸಾಲಿನ ಮುಂದೆ ನಿಂತಳು. ಒಂದೂ ಬಾಕಿಯಿರಲಿಲ್ಲ. ಕೊನೆಯಲ್ಲಿ, ಗೋಡೆಯ ಪಕ್ಕಕ್ಕೆ, ಉಳಿದ ಬಟ್ಟೆಗಳ ಮರೆಯಲ್ಲಿ, ನೀಲಿ ಉಣ್ಣೆಯ ಕೋಟು ತೂಗುತ್ತಿತ್ತು. ತೋಳಿಗೆ ಚೀಟಿ. ಅಕ್ಕನದೇ ಕೈಬರಹ. ಕೊಡುವ ದಿನ ಹದಿನೈದು, ಬೆಳಿಗ್ಗೆ ಹತ್ತು ಗಂಟೆ. ಷರಾ, ಲೋಕ ಇದ್ದರೆ. 'ತಂಗಿ' ಎಂಬುದನ್ನು ಮಾತ್ರ ಹೊಡೆದುಹಾಕಿ, ಪಕ್ಕದಲ್ಲಿ ತಂಗಿಯ ಸಣ್ಣ ಅಕ್ಷರದಲ್ಲಿ 'ಅಕ್ಕ' ಎಂದು ಬರೆದಿತ್ತು.

ಅಕ್ಕ ಕೋಟು ಹಾಕಿಕೊಂಡಳು. ನಾಲ್ಕು ವರ್ಷದಲ್ಲಿ ಅವಳ ಸೊಂಟ ಒಂದಿಂಚು ಹೆಚ್ಚಾಗಿತ್ತು. ಅದಕ್ಕೆ ತಕ್ಕಂತೆ ಅಲ್ಲಿ ಸಡಿಲ ಬಿಟ್ಟು ಹೊಲಿದಿತ್ತು. ಬಗ್ಗಿ ಬಗ್ಗಿ ಕತ್ತರಿಸಿ ಅವಳ ಎಡ ಭುಜ ಇಳಿದುಹೋಗಿತ್ತು. ಆ ಕಡೆ ಒಳಗೆ ಒಂದು ಪದರ ಹತ್ತಿ ಹೆಚ್ಚಿಗೆ ಇತ್ತು. ಟೇಪು ಮುಟ್ಟಿಸದೆ, ಮಾತಾಡದೆ, ಎದುರು ಕೂತು ತಂಗಿ ಕಣ್ಣಲ್ಲೇ ಅಳತೆ ತೆಗೆದಿದ್ದಳು. ಲೋಕ ಮುಗಿಯುತ್ತದೆಂದು ನಂಬಿದವಳು, ಒಂದು ವೇಳೆ ಮುಗಿಯದಿದ್ದರೆ ಅಕ್ಕನಿಗೆ ಚಳಿಯಾಗಬಾರದೆಂದು ಕೂತು ಹೊಲಿದಿದ್ದಳು. ಕನ್ನಡಿಯಲ್ಲಿ ಎರಡೂ ಭುಜ ಸಮನಾಗಿ ಕಾಣುತ್ತಿದ್ದವು. ಅಕ್ಕ ಸ್ಟೂಲಿನ ಮೇಲೆ ಕುಸಿದು ಮನಸಾರೆ ಅತ್ತಳು. ಸಿದ್ಧಮಾಡಿಟ್ಟಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ.

ಭಾನುವಾರ ಅವಳು ಅದೇ ಕೋಟಿನಲ್ಲಿ ಆರಾಧನೆಗೆ ಹೋದಳು. ಪಾಸ್ಟರ್ ಅಧ್ಯಾಯದ ಸಂಖ್ಯೆ ತಪ್ಪಿ ಹೇಳಿ, ಅಭ್ಯಾಸಬಲದಿಂದ ಮೂರನೇ ಸಾಲಿನ ಕಡೆ ನೋಡಿದರು. ಕೆಮ್ಮು ಬರಲಿಲ್ಲ.

ಚಹಾದ ಹೊತ್ತಿಗೆ ಫ್ರಾಕಿನವರು ಹತ್ತಿರ ಬಂದು ಅವಳ ತೋಳಿಗೆ ಕೈ ಹಾಕಿದರು. "ಅಯ್ಯೋ, ಚೀಟಿ ತೆಗೆಯೋದು ಮರೆತು ಬಂದಿದೀರಲ್ಲ."

"ಮರೆತಿಲ್ಲ," ಎಂದಳು ಅಕ್ಕ. "ಓದಿ. ಎಲ್ಲರಿಗೂ ಕೇಳೋ ಹಾಗೆ ಓದಿ."

ಅವರು ಓದಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿದರು. ಯಾರೂ ನಗಲಿಲ್ಲ.