ಸೀಬೆ ಹಣ್ಣಿಗೊಂದು ತೆಳು ಅಂಗಿ

ಮೂರನೇ ಸಲ ಸೋಪು ಉಜ್ಜಿದರೂ ಕೈಯಿಂದ ಸಿಗಡಿಯ ವಾಸನೆ ಹೋಗಿರಲಿಲ್ಲ. ಬೆಳಗಿನಿಂದ ಶೆಡ್ಡಿನಲ್ಲಿ ಸಿಗಡಿ ಸುಲಿದು ಬಂದವಳು ನಲ್ಲಿಯ ಕೆಳಗೆ ಉಗುರು ತಿಕ್ಕುತ್ತಿದ್ದಳು. ಅಷ್ಟರಲ್ಲಿ ಅತ್ತೆಯ ಕೂಗು ಕೇಳಿಸಿತು.

"ಬಾರೇ ಇಲ್ಲಿ! ನಿನ್ನ ಗಂಡ ಮಾಡಿರೋ ಘನಕಾರ್ಯ ನೋಡು ಬಾ!"

ಜಗಲಿಯ ಮೇಲಿದ್ದ ಹಣ್ಣಿನ ಬುಟ್ಟಿಯ ಸುತ್ತ ನಾಲ್ಕು ಬೆಕ್ಕು ಕೂತಿದ್ದವು. ಬುಟ್ಟಿಯ ತುಂಬ ಇರುವೆ. ಸೀಬೆ ಹಣ್ಣುಗಳ ನಡುವೆ ಒದ್ದೆ ಸಿಗಡಿ ಚಿಪ್ಪು ಹಾಸಿಗೆಯಂತೆ ಹರಡಿತ್ತು.

ಗಂಡ ತಲೆ ಕೆರೆದುಕೊಂಡ. "ಸಿಗಡಿ ಚಿಪ್ಪಿದ್ರೆ ಹಣ್ಣು ಕೆಡಲ್ಲ ಅಂತ ಟೀ ಅಂಗಡೀಲಿ ಯಾರೋ ಅಂದ್ರು ಕಣೇ. ಮರ ಕಡಿಸೋ ಮುಂಚೆ ಇದೊಂದು ನೋಡೇಬಿಡೋಣ ಅಂತ ನಿಮ್ಮ ಶೆಡ್ ಹಿಂದಿನ ರಾಶಿಯಿಂದ ಒಂದು ಚೀಲ ತಂದೆ."

"ಬೆಕ್ಕುಗಳಿಗೆ ಔತಣ ಆಯ್ತು" ಎಂದರು ಅತ್ತೆ. "ಮೀನು ನಾರೋ ಹಣ್ಣನ್ನ ಯಾರಪ್ಪಾ ತಿಂತಾರೆ?"

ಹಿತ್ತಲಿನ ಆರು ಸೀಬೆ ಮರಗಳನ್ನು ನೆಟ್ಟವಳು ಸೊಸೆ. ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದವಳೂ ಅವಳೇ. ಕಾಯಿ ಬಿಡುವುದರಲ್ಲಿ ಮರಗಳು ಯಾವತ್ತೂ ಮೋಸ ಮಾಡಿರಲಿಲ್ಲ. ಆದರೆ ಹಣ್ಣು ಕೊಳ್ಳುವ ವ್ಯಾನು ಬರುವುದು ಶನಿವಾರ ಮಾತ್ರ. ಬಲಿತದ್ದನ್ನು ಅಲ್ಲಿಯವರೆಗೆ ಮರದಲ್ಲೇ ಬಿಟ್ಟರೆ ಬಾವಲಿಗಳ ಪಾಲು. ಸೋಮವಾರ ಕಿತ್ತದ್ದು ಗುರುವಾರಕ್ಕೆ ಮೆತ್ತಗಾಗಿ ನೊಣ ಮುತ್ತುತ್ತಿತ್ತು. ಕೊಳೆತದ್ದನ್ನು ಗುಡಿಸಿ ಗುಡಿಸಿ ಅತ್ತೆಗೆ ಸಾಕಾಗಿತ್ತು. ದೋಣಿಯ ಇಂಜಿನ್ ರಿಪೇರಿ ಮಾಡುವ ಗಂಡನಿಗೆ ಅವನ್ನು ಇಡಲು ಜಾಗ ಬೇಕಾಗಿತ್ತು. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಮರ ಕಡಿಯುವವನು ಬರುತ್ತಾನೆ ಎಂದು ಅವನು ಹೇಳಿದಾಗ ಅವಳು "ಹೂಂ" ಎಂದಿದ್ದಳು. ಹಾಗೆಂದ ದಿನದಿಂದ ಆ ಮರಗಳನ್ನು ನೇರವಾಗಿ ನೋಡಲು ಅವಳಿಗೆ ಆಗುತ್ತಿರಲಿಲ್ಲ.

ಸಂಜೆ ತಕ್ಕಡಿ ಅಕ್ಕ ಬಂದಳು. ಶೆಡ್ಡಿನಲ್ಲಿ ಸುಲಿದ ಸಿಗಡಿಯನ್ನು ತೂಗುವವಳು ಅವಳು. ಹಾಗಾಗಿ ಎಲ್ಲರ ಬಾಯಲ್ಲೂ ಅದೇ ಹೆಸರು. ಬುಟ್ಟಿಯ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಟೀ ಅಂಗಡಿಯವರು ಸುಳ್ಳು ಹೇಳಿಲ್ಲ ಕಣಣ್ಣ, ಅರ್ಧ ಹೇಳಿದಾರೆ ಅಷ್ಟೆ. ಹಸಿ ಚಿಪ್ಪು ಹಾಕಿದ್ರೆ ಹಣ್ಣು ಇನ್ನೂ ಬೇಗ ಹಾಳಾಗುತ್ತೆ. ನಮ್ಮ ಶೆಡ್ಡಿನ ಚಿಪ್ಪನ್ನ ಈಗ ಒಂದು ಕಾರ್ಖಾನೆಯವರು ಒಯ್ತಾರೆ. ಅಲ್ಲಿ ತೊಳೆದು, ಅದರಲ್ಲಿರೋ ಸುಣ್ಣ, ಮಾಂಸದ ಅಂಶ ಎಲ್ಲ ತೆಗೆದು ಬಿಳೀ ಪುಡಿ ಮಾಡ್ತಾರೆ. ಕೈಟೋಸಾನ್ ಅಂತಾರೆ. ಹೋದ ತಿಂಗಳು ತರಬೇತಿಗೆ ಹೋದಾಗ ಅದನ್ನ ಹಣ್ಣಿಗೆ ಹಚ್ಚೋದು ಹೇಗೆ ಅಂತ ನನ್ನ ಕೈಯಲ್ಲೇ ಮಾಡಿಸಿದ್ರು."

"ಪುಡಿ ಹಣ್ಣಿಗೆ ಏನು ಮಾಡುತ್ತಮ್ಮಾ?" ಅತ್ತೆ ಕೇಳಿದರು.

"ಅಂಗಿ ತೊಡಿಸುತ್ತೆ ದೊಡ್ಡಮ್ಮ. ಕಿತ್ತ ಮೇಲೂ ಹಣ್ಣು ಉಸಿರಾಡುತ್ತೆ, ನೀರು ಬಿಡುತ್ತೆ. ಮೇಲೆ ತೆಳುವಾದ ಪದರ ಕೂತ್ರೆ ಉಸಿರು ನಿಧಾನ ಆಗುತ್ತೆ, ನೀರು ಆರೋದು ಕಡಿಮೆ, ಬೂಷ್ಟೂ ಬೇಗ ಹಿಡಿಯಲ್ಲ."

"ವಾಸನೆ?"

"ನೀವೇ ಮೂಸಿ."

ತರಬೇತಿಯಲ್ಲಿ ಕೊಟ್ಟಿದ್ದ ಪುಡಿಯ ಪೊಟ್ಟಣವನ್ನು ತಕ್ಕಡಿ ಅಕ್ಕ ಚೀಲದಿಂದ ತೆಗೆದಳು. ಅತ್ತೆ ಮೂಸಿದರು. ಸೊಸೆಯ ಕೈಯನ್ನೂ ಎಳೆದು ಮೂಸಿದರು. "ಇವಳ ಕೈಗಿಂತ ವಾಸಿ" ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸೊಸೆ.

ಪೊಟ್ಟಣದ ಮೇಲಿನ ಅಳತೆಯಂತೆ ನೀರಿಗೆ ವಿನೆಗರ್ ಬೆರೆಸಿ, ಪುಡಿ ಹಾಕಿ, ಗಂಟಿಲ್ಲದಂತೆ ಪೂರ್ತಿ ಕರಗುವವರೆಗೆ ಕದಡಿದರು. ಪೆಟ್ಟು ಬೀಳದ, ಬಲಿತ ಹಣ್ಣುಗಳನ್ನು ಭಾನುವಾರ ಬೆಳಿಗ್ಗೆ ಕಿತ್ತು, ತೊಳೆದು, ಒರೆಸಿ, ಒಂದೆರಡು ನಿಮಿಷ ಅದ್ದಿ ತೆಗೆದು, ನೆರಳಲ್ಲಿ ಬಲೆಯ ಮೇಲೆ ಒಣಗಿಸಿದರು. ಅತ್ತೆ ಬಿಡುವವರಲ್ಲ. "ಅದ್ದದೇ ಇರೋ ಹತ್ತು ಹಣ್ಣು ಪಕ್ಕದಲ್ಲೇ ಇಡು. ಆಮೇಲೆ ನನ್ನ ಕಣ್ಣಿಗೆ ಮಣ್ಣೆರಚಬೇಡಿ."

ಮರ ಕಡಿಯುವವನು ಬರಲು ಇನ್ನು ಏಳೇ ದಿನ.

ಬುಧವಾರ ಅವಳು ಹಣ್ಣು ಮುಟ್ಟಿ ನೋಡಿದಳು. ಗುರುವಾರ ಎರಡು ಸಲ ಮುಟ್ಟಿದಳು. ಶುಕ್ರವಾರ ಅದ್ದದ ಹತ್ತರಲ್ಲಿ ಏಳು ಕಪ್ಪು ಚುಕ್ಕೆ ಬಿದ್ದು ಕುಸಿದಿದ್ದವು. ಅದ್ದಿದವು ಮಾತ್ರ ಇನ್ನೂ ಗಟ್ಟಿ. ಎರಡೋ ಮೂರೋ ಮೆತ್ತಗಾಗಿದ್ದವು, ಅಷ್ಟೆ.

ಶನಿವಾರ ವ್ಯಾನಿನವನು ಒಂದನ್ನು ಒತ್ತಿ ನೋಡಿ, "ಇವತ್ತು ಕಿತ್ತಿದ್ದಾ?" ಎಂದು ಕೇಳಿದ.

"ಹೋದ ಭಾನುವಾರ" ಎಂದಳು. ಸಿಗಡಿ ಚಿಪ್ಪಿನ ಪುಡಿಯ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ಅವನು ಇನ್ನೊಂದನ್ನು ಮೂಸಿ, ಅರ್ಧ ತಿಂದು, ಬುಟ್ಟಿಗಳನ್ನೆಲ್ಲ ಏರಿಸಿಕೊಂಡ.

ವ್ಯಾನು ಹೊರಟ ಮೇಲೆ ಅವಳು ಹಿತ್ತಲಿಗೆ ಬಂದು ಆರೂ ಮರಗಳನ್ನು ನೇರವಾಗಿ ನೋಡಿದಳು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅತ್ತೆ ಒಂದು ಹಣ್ಣು ಕಚ್ಚುತ್ತ ಮಗನಿಗೆ ಹೇಳಿದರು: "ನಾಳೆ ಬರಬೇಡ ಅಂತ ಆ ಮರ ಕಡಿಯೋನಿಗೆ ಫೋನ್ ಮಾಡೋ."

"ನನ್ನ ಇಂಜಿನ್ನು?"

"ನಿನ್ನ ಇಂಜಿನ್ ಏನು ಕೊಳೆಯುತ್ತಾ? ಜಗಲಿ ಮೇಲೇ ಇರಲಿ."

ಓದುತ್ತಿರುವ ಅಕ್ಕತಂಗಿಯರೇ, ನಿಮ್ಮೂರಿನ ಸಿಗಡಿ, ಏಡಿ ಚಿಪ್ಪು ಎಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆ ವಿಚಾರಿಸಿ. ತಿನ್ನುವ ಪದಾರ್ಥಕ್ಕೆ ಬಳಸಬಹುದು ಎಂದು ಮುದ್ರಿಸಿರುವ ಕೈಟೋಸಾನ್ ಪುಡಿಯನ್ನೇ ಕೊಳ್ಳಿ. ತೋಟಗಾರಿಕೆ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಮಾಡಲು ಹೋಗಬೇಡಿ, ಅದಕ್ಕೆ ಬಳಸುವ ರಾಸಾಯನಿಕ ಕೈ ಸುಡುತ್ತದೆ. ಕೊಳೆಯಲು ಶುರುವಾದ ಹಣ್ಣನ್ನು ಅದ್ದಿ ಪ್ರಯೋಜನವಿಲ್ಲ. ಸಿಗಡಿ, ಏಡಿ ಮೈಗೆ ಒಗ್ಗದವರು ಇರುತ್ತಾರೆ, ಕೊಳ್ಳುವವರಿಗೆ ತಪ್ಪದೆ ಹೇಳಿಯೇ ಕೊಡಿ. ಮೊದಲು ಹತ್ತು ಹಣ್ಣು ಅದ್ದಿ, ಹತ್ತು ಹಾಗೇ ಇಡಿ. ನಮ್ಮ ಮಾತು ನಂಬುವುದು ಬೇಡ, ಆ ಹಣ್ಣುಗಳನ್ನು ನೋಡಿ ನಂಬಿ.

ಅಂದು ಸಂಜೆ ಅವಳು ಹಿತ್ತಲಿನ ಕೊನೆಯ ಮರದಿಂದ ಗೋಡೆಯವರೆಗೆ ಹೆಜ್ಜೆ ಹಾಕಿ ಎಣಿಸುತ್ತಿದ್ದಳು.

"ಏನೇ ಅಳೀತಿದೀಯ?" ಗಂಡ ಕೇಳಿದ.

"ಏನಿಲ್ಲ ರೀ. ಬಟ್ಟೆ ಒಣಗಿಸೋಕೆ ಹಗ್ಗ ಎಷ್ಟುದ್ದ ಬೇಕು ಅಂತ."

ಅವನು ಒಳಗೆ ಹೋದ. ಇನ್ನೂ ಎರಡು ಸೀಬೆ ಸಸಿಗಳಿಗೆ ಧಾರಾಳವಾಗಿ ಜಾಗವಿತ್ತು. ಎಲ್ಲಿ ಅಗೆಯಬೇಕೋ ಅಲ್ಲಿ ಅವಳು ಹಿಮ್ಮಡಿಯಿಂದ ಒತ್ತಿ ಗುರುತು ಮಾಡಿದಳು.